ಪೇಟೆಯ ಬಾಗಿಲಲ್ಲಿ ಒಂದು ಬ್ಯಾಂಕು



ಕಡೂರು, ಬೀರೂರು ಅಥವಾ ಅಜ್ಜಂಪುರದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದವರು ನಿಲ್ದಾಣದಿಂದ ಹೊರಟು, ಮೆಜೆಸ್ಟಿಕ್ ದಾಟಿ, ಕೆಂಪೇಗೌಡ ರಸ್ತೆಯಲ್ಲಿ ಪೂರ್ವಕ್ಕೆ ನಡೆದರೆ ಒಂದು ವೃತ್ತ ಸಿಗುತ್ತದೆ. ಬಲಗಡೆಗೆ ಅವೆನ್ಯೂ ರಸ್ತೆ ಬಾಯಿ ತೆರೆದುಕೊಂಡಿರುತ್ತದೆ. ಆ ಮೂಲೆಯಲ್ಲಿ ಎತ್ತರದ ಕಂಬಗಳ ಹಳೆಯ ಕಟ್ಟಡವೊಂದಿದೆ. ಬಸ್ಸಿನ ಕಂಡಕ್ಟರನಿಂದ ಹಿಡಿದು ಪೊಲೀಸಿನವರವರೆಗೆ ಎಲ್ಲರೂ ಆ ಜಾಗವನ್ನು ಮೈಸೂರು ಬ್ಯಾಂಕ್ ಸರ್ಕಲ್ ಎನ್ನುತ್ತಾರೆ. ಆದರೆ ಮೈಸೂರು ಬ್ಯಾಂಕ್ ಎಂಬ ಬ್ಯಾಂಕು ಇಂದು ಇಲ್ಲ. 2017ರ ಏಪ್ರಿಲ್ 1ರಂದು ಅದು ಭಾರತೀಯ ಸ್ಟೇಟ್ ಬ್ಯಾಂಕಿನೊಳಗೆ ಸೇರಿಹೋಯಿತು. ಬ್ಯಾಂಕು ಹೋದರೂ ಹೆಸರು ಉಳಿದಿದೆ. ಹೀಗೇಕಾಯಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಬೆಂಗಳೂರಿನ ಒಂದು ಕಚೇರಿಯ ಚರಿತ್ರೆ ಕಡೂರು, ತರೀಕೆರೆಯವರಿಗೆ ಏತಕ್ಕೆ ಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ರಧಾನ ಕಚೇರಿ ನಗರದಲ್ಲಿರುತ್ತದೆ. ಅದನ್ನು ನಿಲ್ಲಿಸುವ ಹಣ ಮಾತ್ರ ಅಡಿಕೆ ತೋಟದಿಂದ, ತೆಂಗಿನ ಮರದಿಂದ, ರಾಗಿ ಹೊಲದಿಂದ ಬಂದಿರುತ್ತದೆ. ಹಳೆಯ ಮೈಸೂರು ಸಂಸ್ಥಾನದ ಎಂಟು ಜಿಲ್ಲೆಗಳಲ್ಲಿ ಒಂದಕ್ಕೆ ನಿಮ್ಮ ಊರಿನ ಹೆಸರೇ ಇತ್ತು. ಇಂದಿನ ಚಿಕ್ಕಮಗಳೂರು ಜಿಲ್ಲೆಯನ್ನು 1947ರವರೆಗೂ ಕಡೂರು ಜಿಲ್ಲೆ ಎಂದೇ ಕರೆಯುತ್ತಿದ್ದರು. ಜಿಲ್ಲಾ ಕಚೇರಿಗಳು 1860ರ ದಶಕದಲ್ಲೇ ಚಿಕ್ಕಮಗಳೂರಿಗೆ ಹೋಗಿದ್ದವು. ಆದರೂ ಸರ್ಕಾರದ ಕಾಗದಪತ್ರಗಳಲ್ಲಿ ಕಡೂರು ಎಂಬ ಹೆಸರು ಇನ್ನೂ ಎಂಬತ್ತು ವರ್ಷ ಬದುಕಿತ್ತು. ಒಂದು ಹೆಸರು ತಾನು ಗುರುತಿಸುವ ವಸ್ತುವಿಗಿಂತ ಹೆಚ್ಚು ಕಾಲ ಉಳಿಯುವುದನ್ನು ನಿಮ್ಮ ಸೀಮೆಯವರು ಮೊದಲೇ ಕಂಡವರು ಎನ್ನಬೇಕು.

ಮೊದಲು ಆ ಮೂಲೆಯ ಕಥೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆನ್ನುವ ಬೆಂಗಳೂರು ಪೇಟೆಗೆ ಮಣ್ಣಿನ ಕೋಟೆ, ಸುತ್ತ ಕಂದಕ, ಮುಳ್ಳಿನ ಬೇಲಿ ಇದ್ದವು. ಪೇಟೆಯ ನಡುವೆ ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ. ದೊಡ್ಡಪೇಟೆಯ ಉತ್ತರದ ತುದಿಯಲ್ಲಿದ್ದುದೇ ಯಲಹಂಕ ಬಾಗಿಲು. ಇಂದು ಅವೆನ್ಯೂ ರಸ್ತೆ ಎನಿಸಿಕೊಂಡಿರುವುದು ಅದೇ ದೊಡ್ಡಪೇಟೆ; ಯಲಹಂಕ ಬಾಗಿಲು ಇದ್ದದ್ದು ಇಂದಿನ ಮೈಸೂರು ಬ್ಯಾಂಕ್ ವೃತ್ತದ ಹತ್ತಿರ. ಅಲ್ಲಿನ ಆಂಜನೇಯನ ಗುಡಿಯನ್ನು ಇಂದಿಗೂ ಯಲಹಂಕ ಗೇಟ್ ಆಂಜನೇಯ ಎಂದು ಕರೆಯುತ್ತಾರೆ. ಹೊರಗಿನ ಸರಕು ಪೇಟೆಯನ್ನು ಹೊಗುತ್ತಿದ್ದುದು ಇಂಥ ಬಾಗಿಲುಗಳ ಮೂಲಕ. ಬ್ಯಾಂಕು ಬಂದು ಕುಳಿತದ್ದು ಇಂಥ ಒಂದು ಬಾಗಿಲ ಬಳಿ. ಆ ಕಡೆ ಪೇಟೆಯ ವರ್ತಕರು, ಈ ಕಡೆ ಕಾಲೇಜು, ಸರ್ಕಾರಿ ಕಚೇರಿಗಳು. ಹಣದ ವ್ಯವಹಾರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಇನ್ನು ಬ್ಯಾಂಕಿನ ವಿಷಯ. ಅಂದಿನ ಬೆಂಗಳೂರು ವಾಸ್ತವವಾಗಿ ಎರಡು ಊರು. ಪೇಟೆ ಮೈಸೂರು ಮಹಾರಾಜರ ಆಡಳಿತಕ್ಕೆ ಸೇರಿದ್ದು. ದಂಡು ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿದ್ದದ್ದು. ದೊಡ್ಡ ಬ್ಯಾಂಕೆಂದರೆ ಬ್ಯಾಂಕ್ ಆಫ್ ಮದ್ರಾಸ್. ಅದರ ಗಮನವೆಲ್ಲ ಇಂಗ್ಲಿಷ್ ಕಂಪನಿಗಳ ಮೇಲೆ, ಸೈನ್ಯದ ಮೇಲೆ, ದೊರೆಗಳ ಕಾಫಿ ತೋಟಗಳ ಮೇಲೆ. ಪೇಟೆಯ ವರ್ತಕನಿಗೆ, ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಗತಿಯೆಂದರೆ ಸಾಹುಕಾರ. ಸಾಹುಕಾರರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ರಾತ್ರಿ ಹನ್ನೆರಡಕ್ಕೆ ಬಾಗಿಲು ತಟ್ಟಿದರೂ ಹಣ ಕೊಡುತ್ತಿದ್ದವರು ಅವರೇ. ಆದರೆ ಬಡ್ಡಿ ಎಷ್ಟು, ವಾಯಿದೆ ಎಂದಿಗೆ, ಬೆಳೆಯನ್ನು ಯಾರಿಗೆ ಯಾವ ಧಾರಣೆಗೆ ಮಾರಬೇಕು ಎಂಬುದೆಲ್ಲ ಅವರ ಕೈಯಲ್ಲೇ ಇರುತ್ತಿತ್ತು.

ನಿಮ್ಮ ಸೀಮೆಗೆ ರೈಲು ಬಂದ ಮೇಲೆ ಈ ಕೊರತೆ ಇನ್ನೂ ಎದ್ದು ಕಂಡಿತು. 1880ರ ದಶಕದ ಕೊನೆಗೆ ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ದಾರಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಯಿತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಕವಲು ಒಡೆಯಿತು. ಬೀರೂರು ಅಡಿಕೆ ಮತ್ತು ತೆಂಗಿನ ಮಂಡಿಯಾಗಿ ಬೆಳೆದದ್ದರಲ್ಲಿ ಈ ಜಂಕ್ಷನ್ನಿನ ಪಾಲು ದೊಡ್ಡದು. ಈಗ ಒಂದು ಲೆಕ್ಕ ಹಾಕಿ ನೋಡಿ. ಬೀರೂರಿನ ವರ್ತಕನೊಬ್ಬ ನೂರು ಮೂಟೆ ಅಡಿಕೆಯನ್ನು ದೂರದ ಊರಿಗೆ ರೈಲಿನಲ್ಲಿ ಕಳುಹಿಸುತ್ತಾನೆ. ಸರಕು ತಲುಪಿ, ಮಾರಾಟವಾಗಿ, ಹಣ ಕೈಸೇರಲು ಒಂದು ತಿಂಗಳಾದರೂ ಬೇಕು. ಅಷ್ಟರಲ್ಲಿ ಬೆಳೆಗಾರನಿಗೆ ಹಣ ಕೊಡಬೇಕು, ಮುಂದಿನ ಸರಕು ಕೊಳ್ಳಬೇಕು. ಬ್ಯಾಂಕಿದ್ದರೆ ಅವನು ರೈಲ್ವೆ ರಸೀದಿಯನ್ನು ಅಲ್ಲಿ ಒಪ್ಪಿಸಿ, ಸ್ವಲ್ಪ ಬಡ್ಡಿ ಹಿಡಿದುಕೊಂಡು ಉಳಿದ ಹಣವನ್ನು ಅಂದೇ ಪಡೆಯಬಹುದು. ಬ್ಯಾಂಕು ಆ ರಸೀದಿಯನ್ನು ದೂರದ ಊರಿಗೆ ಕಳುಹಿಸುತ್ತದೆ. ಕೊಂಡವನು ಹಣ ಕಟ್ಟಿ ರಸೀದಿ ಬಿಡಿಸಿಕೊಂಡರೆ ಮಾತ್ರ ಸರಕು ಅವನದು. ಒಂದು ಕಾಗದದ ಚೂರು ಒಂದು ತಿಂಗಳ ಕಾಲವನ್ನು ಕೊಂಡುಕೊಟ್ಟ ಹಾಗೆ. ಬ್ಯಾಂಕು ಮಾರುವುದು ಮುಖ್ಯವಾಗಿ ಈ ಕಾಲವನ್ನೇ. ವಾಣಿಜ್ಯ ಓದುವ ವಿದ್ಯಾರ್ಥಿಗಳು ಇದನ್ನು ಪಾಠದಲ್ಲಿ ಬೇರೆ ಮಾತಿನಲ್ಲಿ ಓದಿರಬಹುದು.

ಮೈಸೂರಿನಲ್ಲಿ ಇದನ್ನು ಯೋಚಿಸಿದವರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಪ್ರಮುಖರು. 1909ರಲ್ಲಿ ಮುಖ್ಯ ಎಂಜಿನಿಯರಾಗಿ ಸಂಸ್ಥಾನಕ್ಕೆ ಬಂದ ಅವರ ಒತ್ತಾಸೆಯಿಂದ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಏರ್ಪಟ್ಟಿತು. ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯಗಳನ್ನು ಕುರಿತು ಅಲ್ಲಿ ಚರ್ಚೆ ನಡೆಯಿತು. ಬ್ಯಾಂಕೊಂದನ್ನು ಸ್ಥಾಪಿಸುವ ಬಗ್ಗೆ ಸಮಿತಿಯೂ ಆಯಿತು. ಅದರ ಮುಂದಾಳು ವಿಶ್ವೇಶ್ವರಯ್ಯನವರೇ. 1912ರ ಕೊನೆಗೆ ಅವರು ದಿವಾನರಾದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1913ರ ಅಕ್ಟೋಬರ್ 2ರಂದು ಬ್ಯಾಂಕ್ ಆಫ್ ಮೈಸೂರು ವ್ಯವಹಾರ ಆರಂಭಿಸಿತು. ಅದರ ಅಧಿಕೃತ ಬಂಡವಾಳ 20 ಲಕ್ಷ ರೂಪಾಯಿ. ಜನರ ಬಾಯಲ್ಲಿ ಅದು ಮೊದಲಿನಿಂದಲೂ ಮೈಸೂರು ಬ್ಯಾಂಕ್.

ಆ ದಿನಾಂಕವನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಏಕೆಂದರೆ ಭಾರತದಲ್ಲಿ ಹೊಸ ಬ್ಯಾಂಕೊಂದನ್ನು ತೆರೆಯಲು ಅದಕ್ಕಿಂತ ಕೆಟ್ಟ ಕಾಲ ಇರಲಿಲ್ಲ. ಏಳು ವರ್ಷ ಹಿಂದೆ, 1906ರ ಅಕ್ಟೋಬರಿನಲ್ಲಿ, ಮದ್ರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯಾಗಿ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿತ್ತು. ಆ ಕಾಲದಲ್ಲಿ ಸ್ವದೇಶಿ ಚಳವಳಿಯ ಉತ್ಸಾಹದಿಂದ ನಮ್ಮದೇ ಬ್ಯಾಂಕು ಬೇಕೆಂಬ ಮಾತು ಎಲ್ಲೆಡೆ ಎದ್ದಿತ್ತು. ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೊದಲ ರೂಪ, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೊದಲ ರೂಪ ಹುಟ್ಟಿದ್ದು 1906ರಲ್ಲೇ. ಮದ್ರಾಸಿನಲ್ಲಿ ಇಂಡಿಯನ್ ಬ್ಯಾಂಕು 1907ರಲ್ಲಿ ಬಂದಿತು. ಆದರೆ ಎಲ್ಲ ಹೊಸ ಬ್ಯಾಂಕುಗಳೂ ಜಾಗರೂಕವಾಗಿರಲಿಲ್ಲ. 1913ರ ಸೆಪ್ಟೆಂಬರಿನಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕ್ ಬಾಗಿಲು ಹಾಕಿತು. ಕೆಲವೇ ವಾರಗಳಲ್ಲಿ ಬೊಂಬಾಯಿಯ ಇಂಡಿಯನ್ ಸ್ಪೀಸಿ ಬ್ಯಾಂಕು ಬೆಳ್ಳಿಯ ಸಟ್ಟಾ ವ್ಯವಹಾರದಲ್ಲಿ ಕೈಸುಟ್ಟುಕೊಂಡು ಮುಳುಗಿತು. ಮುಂದಿನ ನಾಲ್ಕೈದು ವರ್ಷಗಳಲ್ಲಿ ದೇಶದ ಹತ್ತಾರು ಬ್ಯಾಂಕುಗಳು ಇದೇ ಹಾದಿ ಹಿಡಿದವು. ಆ ಎರಡು ಪತನಗಳ ನಡುವೆ, ಅಕ್ಟೋಬರ್ 2ರಂದು, ಮೈಸೂರು ಬ್ಯಾಂಕು ತನ್ನ ಬಾಗಿಲನ್ನು ತೆರೆಯಿತು.

ಈಗ ನೀವೇ ಒಬ್ಬ ತೆಂಗಿನ ತೋಟದ ಯಜಮಾನರೆಂದು ಭಾವಿಸಿ. ಮನೆಯ ಪೆಟ್ಟಿಗೆಯಲ್ಲಿ ಒಂದಿಷ್ಟು ಬೆಳ್ಳಿಯ ರೂಪಾಯಿಗಳಿವೆ. ಲಾಹೋರಿನ ಸುದ್ದಿ, ಬೊಂಬಾಯಿಯ ಸುದ್ದಿ ಸಂತೆಯವರೆಗೂ ಬಂದಿದೆ. ಹೀಗಿರುವಾಗ ಆ ರೂಪಾಯಿಗಳನ್ನು ಕಾಣದ ಊರಿನ ಕಾಣದ ಗುಮಾಸ್ತನ ಕೈಗೆ ಏಕೆ ಕೊಡುತ್ತೀರಿ? ಇಂದು ಬ್ಯಾಂಕು ಮುಳುಗಿದರೆ ಐದು ಲಕ್ಷ ರೂಪಾಯಿಯವರೆಗೆ ಠೇವಣಿಗೆ ವಿಮೆಯ ರಕ್ಷಣೆಯಿದೆ. ಆದರೆ ಠೇವಣಿ ವಿಮೆ ಎಂಬುದು ನಮ್ಮ ದೇಶದಲ್ಲಿ ಆರಂಭವಾದದ್ದೇ 1962ರಲ್ಲಿ. ರಿಸರ್ವ್ ಬ್ಯಾಂಕು ಹುಟ್ಟಿದ್ದು 1935ರಲ್ಲಿ. 1913ರ ಠೇವಣಿದಾರನಿಗೆ ಇದ್ದ ಭರವಸೆ ಎರಡೇ: ಮೇಲೆ ಮಹಾರಾಜರ ಸರ್ಕಾರದ ಹೆಸರು, ಕಣ್ಣೆದುರಿಗೆ ಕಟ್ಟಡ.

ಆ ಕಾಲದ ಬ್ಯಾಂಕಿನ ಕಟ್ಟಡಗಳು ಅಷ್ಟು ಗಟ್ಟಿಮುಟ್ಟಾಗಿ, ಕೆಲವೊಮ್ಮೆ ಅಗತ್ಯಕ್ಕಿಂತ ಗಂಭೀರವಾಗಿ ಕಾಣುವುದಕ್ಕೆ ಇದೇ ಕಾರಣ ಎಂದು ನನಗೆ ತೋರುತ್ತದೆ. ಲಂಡನ್ನಿನಲ್ಲಿ, ಕಲ್ಕತ್ತೆಯಲ್ಲಿ, ಬೊಂಬಾಯಿಯಲ್ಲಿ ಎಲ್ಲಿ ನೋಡಿದರೂ ಹಳೆಯ ಬ್ಯಾಂಕಿಗೆ ಗ್ರೀಕ್ ದೇವಾಲಯದ ಕಂಬಗಳು. ಕಂಬಗಳು ಲೆಕ್ಕ ಬರೆಯುವುದಿಲ್ಲ, ಸಾಲ ವಸೂಲಿ ಮಾಡುವುದಿಲ್ಲ. ಆದರೆ ನಾಳೆಯೂ ನಾವು ಇಲ್ಲೇ ಇರುತ್ತೇವೆ ಎಂಬ ಮಾತನ್ನು, ಓದು ಬಾರದವನಿಗೂ ತಿಳಿಯುವ ಹಾಗೆ, ಅವು ಹೇಳುತ್ತವೆ. ದೊಡ್ಡಪೇಟೆಯ ತುದಿಯ ಕಟ್ಟಡವೂ ಅದನ್ನೇ ಹೇಳಿತು. ಒಳಗೆ ದಪ್ಪ ದಪ್ಪ ಖಾತೆ ಪುಸ್ತಕ, ಕಬ್ಬಿಣದ ಭದ್ರತಾ ಕೋಣೆ, ಸಹಿಗಳನ್ನು ತಾಳೆ ನೋಡುವ ಗುಮಾಸ್ತರು. ಹೊರಗೆ ಕಂಬಗಳ ಧೈರ್ಯ. ಹಾಗೆಂದು ಕಂಬವಿದ್ದ ಬ್ಯಾಂಕೆಲ್ಲ ಉಳಿಯಲಿಲ್ಲ. 1938ರಲ್ಲಿ ತಿರುವಾಂಕೂರಿನ ದೊಡ್ಡ ಬ್ಯಾಂಕು, ತಿರುವಾಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್, ಕುಸಿದುಬಿತ್ತು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಚ್ಚಿತು. ಠೇವಣಿ ವಿಮೆಯ ಕಾನೂನು ಬೇಗನೆ ಬರಲು ಆ ಆಘಾತವೂ ಒಂದು ಕಾರಣ. ಈ ಎಲ್ಲದರ ನಡುವೆ ಮೈಸೂರು ಬ್ಯಾಂಕು ಒಂದು ದಿನವೂ ಠೇವಣಿದಾರನನ್ನು ಬೀದಿಗೆ ತರಲಿಲ್ಲವೆಂಬುದೇ ಅದರ ದೊಡ್ಡ ಸಾಧನೆ. ಆದರೆ ನಡೆಯದೇ ಇದ್ದ ಅನಾಹುತಕ್ಕೆ ಯಾರೂ ಶಿಲಾಶಾಸನ ಬರೆಸುವುದಿಲ್ಲ.

ಬ್ಯಾಂಕಿನ ಸುತ್ತ ಆಗ ಬೇರೆ ಸಂಸ್ಥೆಗಳೂ ಬೆಳೆಯುತ್ತಿದ್ದವು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿತು. ಇಂದು ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯಾಗಿರುವ ಅದರ ಕಚೇರಿಯೂ ಕೆಂಪೇಗೌಡ ರಸ್ತೆಯಲ್ಲೇ ಇದೆ. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ. ನಿಮ್ಮ ಕಡೆ ನೋಡಿದರೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದಕ್ಕೆ ಬೇಕಾದ ಅದಿರು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ ಬಂದಿತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಿರಿದಾದ ಹಳಿಯ ಟ್ರಾಮ್ ರೈಲೂ ಓಡಾಡುತ್ತಿತ್ತು. ಬೆಂಗಳೂರಿನ ಆ ಮೂಲೆಯಲ್ಲಿ ಬರೆದ ಲೆಕ್ಕಕ್ಕೂ ಬಾಬಾಬುಡನ್ ಗಿರಿಯ ಮಗ್ಗುಲಲ್ಲಿ ಅಗೆದ ಮಣ್ಣಿಗೂ ನಡುವೆ ಒಂದೇ ಯೋಜನೆಯ ಎಳೆ ಇತ್ತು. ಒಂದು ಚಿಕ್ಕ ಸಂಸ್ಥಾನ ತನ್ನ ಕಾಲ ಮೇಲೆ ನಿಲ್ಲುವ ಯೋಜನೆ ಅದು.

ಇನ್ನು ಆ ಮೂಲೆಯ ಇನ್ನೊಂದು ಚರಿತ್ರೆ. ಇದನ್ನು ಬ್ಯಾಂಕು ಬಯಸಿರಲಿಲ್ಲ. ವೃತ್ತದ ಉತ್ತರಕ್ಕೆ ಸೆಂಟ್ರಲ್ ಕಾಲೇಜು. ನಿಮ್ಮ ವಯಸ್ಸಿನ ಹುಡುಗರು ತರಗತಿ ಬಿಟ್ಟು ಪೇಟೆಯ ಕಡೆ ಹೊರಟರೆ ಮೊದಲು ಬಂದು ಸೇರುವುದೇ ಈ ವೃತ್ತಕ್ಕೆ. 1942ರ ಆಗಸ್ಟಿನಲ್ಲಿ ಗಾಂಧೀಜಿ ಮತ್ತಿತರ ನಾಯಕರ ಬಂಧನವಾದ ಸುದ್ದಿ ಬಂದಾಗ ಬೆಂಗಳೂರಿನ ವಿದ್ಯಾರ್ಥಿಗಳು ಬೀದಿಗಿಳಿದರು. ಮೈಸೂರು ಬ್ಯಾಂಕಿನ ಸುತ್ತಮುತ್ತ ಪೊಲೀಸರ ಗುಂಡಿಗೆ ಪ್ರಾಣಗಳು ಹೋದವು. ಆ ಹುತಾತ್ಮರ ಸ್ಮಾರಕ ವೃತ್ತದಲ್ಲಿದೆ. ಅಲ್ಲಿಂದಾಚೆಗೆ ಕಾರ್ಮಿಕರು, ವಿದ್ಯಾರ್ಥಿಗಳು, ಕನ್ನಡ ಸಂಘಟನೆಗಳು, ರೈತರು ತಮ್ಮ ಅಹವಾಲನ್ನು ಹೇಳಲು ಈ ಜಾಗಕ್ಕೆ ಬರುವುದು ರೂಢಿಯಾಯಿತು. ಭದ್ರತೆಯ ಗುರುತಾಗಿ ನಿಂತ ಕಟ್ಟಡದ ಮುಂದೆಯೇ ಅಶಾಂತಿಯ ಸಭೆಗಳು! ದಶಕಗಳ ಕಾಲ ಪತ್ರಿಕೆಗಳಲ್ಲಿ ‘ಮೈಸೂರು ಬ್ಯಾಂಕ್ ವೃತ್ತದಲ್ಲಿ ಪ್ರತಿಭಟನೆ’ ಎಂಬ ಸಾಲು ಎಷ್ಟು ಬಾರಿ ಬಂದಿರಬಹುದೋ! ಠೇವಣಿಯ ಪುಸ್ತಕ ಕಾಣದ ಲಕ್ಷಾಂತರ ಜನರಿಗೆ ಬ್ಯಾಂಕಿನ ಹೆಸರು ಪರಿಚಯವಾದದ್ದು ಹೀಗೆ. ಹೆಸರು ಉಳಿದದ್ದರ ಗುಟ್ಟು ಇಲ್ಲಿಯೇ ಇದೆ ಎಂದು ನನ್ನ ಭಾವನೆ. ವ್ಯವಹಾರದಿಂದ ಸಿಕ್ಕ ಹೆಸರನ್ನು ವ್ಯವಹಾರ ಮುಗಿದಾಗ ಅಳಿಸಬಹುದು. ಜನ ಸೇರಿ ಸೇರಿ ಬಂದ ಹೆಸರನ್ನು ಅಳಿಸುವುದು ಅಷ್ಟು ಸುಲಭವಲ್ಲ.

ಸ್ವಾತಂತ್ರ್ಯದ ನಂತರದ ಭಾಗವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1949ರಲ್ಲಿ ಪೇಟೆ ಮತ್ತು ದಂಡು ಸೇರಿ ಒಂದೇ ನಗರವಾಯಿತು. 1953ರಲ್ಲಿ ಬ್ಯಾಂಕು ರಿಸರ್ವ್ ಬ್ಯಾಂಕಿನ ಏಜೆಂಟಾಗಿ ಸರ್ಕಾರಿ ಖಜಾನೆಯ ವ್ಯವಹಾರ ವಹಿಸಿಕೊಂಡಿತು. 1955ರಲ್ಲಿ ಇಂಪೀರಿಯಲ್ ಬ್ಯಾಂಕು ಭಾರತೀಯ ಸ್ಟೇಟ್ ಬ್ಯಾಂಕಾಯಿತು. 1959ರ ಕಾನೂನಿನ ಪ್ರಕಾರ ಹಳೆಯ ಸಂಸ್ಥಾನಗಳ ಎಂಟು ಬ್ಯಾಂಕುಗಳು ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಗಳಾದವು. ಹೈದರಾಬಾದು, ತಿರುವಾಂಕೂರು, ಪಟಿಯಾಲ, ಇಂದೂರು ಇತ್ಯಾದಿಗಳ ಜೊತೆಗೆ ನಮ್ಮದೂ ಒಂದು. 1960ರ ಮಾರ್ಚಿನಿಂದ ಅದರ ಹೆಸರು ಮೈಸೂರು ಸ್ಟೇಟ್ ಬ್ಯಾಂಕ್. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ಕೆನರಾ, ಸಿಂಡಿಕೇಟ್ ಆ ಪಟ್ಟಿಯಲ್ಲಿದ್ದವು, ಇದು ಇರಲಿಲ್ಲ. ಪರೀಕ್ಷೆಯಲ್ಲಿ ಇದನ್ನು ತಪ್ಪು ಬರೆಯುವವರು ಬಹಳ. ಇದು ಅದಕ್ಕೆ ಒಂಬತ್ತು ವರ್ಷ ಮೊದಲೇ ಸಾರ್ವಜನಿಕ ವಲಯಕ್ಕೆ ಸೇರಿಹೋಗಿತ್ತು.

ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಮುಗಿದ ಮೇಲೆ ಭದ್ರೆಯ ನೀರು ಕಾಲುವೆಗೆ ಬಂದಿತು. ಬಾವಿಗಳಿಗೆ ವಿದ್ಯುತ್ ಪಂಪು ಬಂದಿತು. ಬ್ಯಾಂಕುಗಳು ಕೃಷಿಗೆ ಸಾಲ ಕೊಡಲೇಬೇಕೆಂಬ ನೀತಿಯೂ ಬಂದಿತು. ಆಗ ತರೀಕೆರೆಯ ಅಡಿಕೆ ತೋಟದವರೂ, ಕಡೂರಿನ ತೆಂಗು ರಾಗಿಯವರೂ, ಅಜ್ಜಂಪುರದ ಈರುಳ್ಳಿ ಬೆಳೆಗಾರರೂ ಬ್ಯಾಂಕಿನ ಮೆಟ್ಟಿಲು ಹತ್ತಿದರು. ದೊಡ್ಡ ಮೊತ್ತವಾದರೆ ಮ್ಯಾನೇಜರರು ಹೇಳುವ ಮಾತು ಒಂದಿತ್ತು: ‘ಹೆಡ್ಡಾಫೀಸಿಗೆ ಬರೆದಿದ್ದೇವೆ, ಉತ್ತರ ಬರಲಿ.’ ಎಷ್ಟೋ ರೈತರಿಗೆ ಹೆಡ್ಡಾಫೀಸೆಂದರೆ ಆಷಾಢದ ಮೋಡದಂತೆ. ಎಲ್ಲೋ ಇದೆ, ಮಳೆ ಯಾವಾಗ ಎಂದು ಗೊತ್ತಿಲ್ಲ. ಅವರು ಒಮ್ಮೆಯೂ ಕಾಣದ ಆ ಕೆಂಪೇಗೌಡ ರಸ್ತೆಯ ಕಟ್ಟಡದಲ್ಲಿ ಯಾವನೋ ಅಧಿಕಾರಿ ಅವರ ಪಹಣಿಯನ್ನು ಓದುತ್ತಿದ್ದ. ತೋಟದ ಸರ್ವೆ ನಂಬರು, ಮರಗಳ ಎಣಿಕೆ, ಬಾವಿಯ ಆಳ ಎಲ್ಲವೂ ಆ ಕಡತದಲ್ಲಿರುತ್ತಿದ್ದವು. ಕಟ್ಟಡದ ಚರಿತ್ರೆ ಎಂದರೆ ಗೋಡೆ ಕಂಬಗಳ ಚರಿತ್ರೆ ಮಾತ್ರವಾದರೆ ಈ ಕಡತಗಳನ್ನು ಎಲ್ಲಿಡುವುದು?

ಕೊನೆಗೆ 2017. ಸೌರಾಷ್ಟ್ರ ಬ್ಯಾಂಕು 2008ರಲ್ಲಿ, ಇಂದೂರು ಬ್ಯಾಂಕು 2010ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಮೊದಲೇ ವಿಲೀನವಾಗಿದ್ದವು. ಉಳಿದ ಐದನ್ನೂ ಭಾರತೀಯ ಮಹಿಳಾ ಬ್ಯಾಂಕನ್ನೂ 2017ರ ಏಪ್ರಿಲ್ 1ರಂದು ಒಟ್ಟಿಗೆ ಸೇರಿಸಲಾಯಿತು. ದೊಡ್ಡ ಬ್ಯಾಂಕಾದರೆ ದೊಡ್ಡ ಸಾಲ ಕೊಡಬಹುದು, ನಷ್ಟ ತಡೆದುಕೊಳ್ಳಬಹುದು, ಒಂದೇ ಊರಿನಲ್ಲಿ ಎರಡೆರಡು ಶಾಖೆಗಳ ಖರ್ಚು ತಪ್ಪುತ್ತದೆ ಎಂಬುದು ಒಂದು ವಾದ. ನಾಡಿನ ಬೆಳೆ, ಭಾಷೆ, ಜನ ಗೊತ್ತಿದ್ದವರ ಕೈಯಿಂದ ತೀರ್ಮಾನ ದೂರ ಹೋಗುತ್ತದೆ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ನನ್ನ ಮನಸ್ಸು ಎರಡನೆಯದರ ಕಡೆ ಸ್ವಲ್ಪ ವಾಲುತ್ತದೆ. ಬಳಿಕ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ ಸೇರಿದವು. ಕರ್ನಾಟಕದಲ್ಲಿ ಹುಟ್ಟಿದ ದೊಡ್ಡ ಬ್ಯಾಂಕುಗಳ ಸಾಲು ಹೀಗೆ ಮೂರು ವರ್ಷಗಳಲ್ಲಿ ತೆಳ್ಳಗಾಯಿತು.

ಒಂದು ವಿಚಿತ್ರವನ್ನು ಮಾತ್ರ ಹೇಳಬೇಕು. ಮೈಸೂರು ಬ್ಯಾಂಕನ್ನು ನುಂಗಿದ ಸ್ಟೇಟ್ ಬ್ಯಾಂಕಿನ ವಂಶವೃಕ್ಷವನ್ನು ಹಿಂದಕ್ಕೆ ಹಿಡಿದು ಹೋದರೆ 1921ರ ಇಂಪೀರಿಯಲ್ ಬ್ಯಾಂಕು ಸಿಗುತ್ತದೆ; ಅದರ ಹಿಂದೆ ಬಂಗಾಳ, ಬೊಂಬಾಯಿ, ಮದ್ರಾಸು ಎಂಬ ಮೂರು ಪ್ರೆಸಿಡೆನ್ಸಿ ಬ್ಯಾಂಕುಗಳು. ಯಾವ ಬ್ಯಾಂಕ್ ಆಫ್ ಮದ್ರಾಸ್ ಪೇಟೆಯವರ ಕಡೆ ತಿರುಗಿ ನೋಡದೆ ದಂಡಿನಲ್ಲಿ ಕುಳಿತಿತ್ತೋ, ಯಾವುದರ ಅಸಡ್ಡೆಗೆ ಉತ್ತರವಾಗಿ ಪೇಟೆಯ ಬಾಗಿಲಲ್ಲಿ ಈ ಬ್ಯಾಂಕು ಹುಟ್ಟಿತ್ತೋ, ಅದರ ವಾರಸುದಾರನ ಮನೆಗೇ ನೂರನಾಲ್ಕನೆಯ ವರ್ಷದಲ್ಲಿ ಇದು ಹೋಗಿ ಸೇರಿತು. ಸ್ಟೇಟ್ ಬ್ಯಾಂಕಿನ ಬೆಂಗಳೂರು ಪ್ರಧಾನ ಕಚೇರಿ ಇರುವುದು ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ, ಹಳೆಯ ದಂಡಿನ ನೆಲದಲ್ಲಿ.

ವೃತ್ತದ ಸಮೀಪದ ಮೆಟ್ರೋ ನಿಲ್ದಾಣಕ್ಕೆ ಈಗ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. 2016ರ ಏಪ್ರಿಲ್ ಕೊನೆಗೆ ಅದು ತೆರೆದಾಗ ಅವರು ಕಟ್ಟಿದ ಬ್ಯಾಂಕಿಗೆ ಇನ್ನು ಹನ್ನೊಂದು ತಿಂಗಳ ಆಯುಸ್ಸು ಉಳಿದಿತ್ತು. ನಿಮ್ಮ ಊರುಗಳ ಶಾಖೆಗಳಲ್ಲೂ ಆಮೇಲೆ ಫಲಕ ಬದಲಾಯಿತು. ಮನೆಯ ಹಿರಿಯರ ಬಳಿ ಹಳೆಯ ಪಾಸ್‌ಪುಸ್ತಕವಿದ್ದರೆ ತೆಗೆದು ನೋಡಿ. ಅದರ ಮೇಲೆ ಮೈಸೂರು ಬ್ಯಾಂಕಿನ ಹೆಸರೂ, ಒಳಗೆ ಅಡಿಕೆ ಮಾರಿದ ವರ್ಷದ ಜಮೆಯೂ, ಬಾವಿ ತೋಡಿದ ವರ್ಷದ ಖರ್ಚೂ ಇರಬಹುದು. ಯಾವ ವರ್ಷ ಎಂದು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.